ಮನೆ ಬದಲಿಸ್ತಿದ್ದೀರಾ? ನಿಮಗಿಂತ ಒಂದು ತಿಂಗಳು ಮುಂಚೆ ಗಿಡ ಕಳಿಸಿ

ನವೆಂಬರ್ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ತರದ ಫೋಟೊಗಳು ಬರೋಕೆ ಶುರುವಾಗುತ್ತೆ. ಹಿತ್ತಲಲ್ಲಿ ಆಳೆತ್ತರದ ಮಲ್ಲಿಗೆ, ಪಕ್ಕದಲ್ಲಿ ಕರಿಬೇವು, ಮೂಲೆಯಲ್ಲಿ ಬಾಳೆ. ಕೆಳಗೆ ಒಂದು ಸಾಲು: "ಅಣ್ಣಾ, ಮನೆ ಖಾಲಿ ಮಾಡ್ತಿದೀವಿ, ಇವನ್ನ ಕಿತ್ತು ತಗೊಂಡು ಹೋಗಬಹುದಾ?"

ಕೆಲವರು ಹೊಸಪೇಟೆಯ ಬಾಡಿಗೆ ಮನೆ ಬಿಟ್ಟು ಕಂಪ್ಲಿ ಕಡೆ ಸ್ವಂತ ಮನೆಗೆ ಹೋಗೋರು. ಕೆಲವರು ಕೆಲಸಕ್ಕೆ ಅಂತ ಸಂಡೂರಿಗೆ ಹೊರಟೋರು. ಇನ್ನು ಕೆಲವರ ಮನೆಯಲ್ಲಿ ಅಣ್ಣತಮ್ಮಂದಿರ ಪಾಲಾಗಿರುತ್ತೆ, ಹಳೇ ಹಿತ್ತಲು ಬೇರೆಯವರ ಪಾಲಿಗೆ ಹೋಗಿರುತ್ತೆ. ಎಲ್ಲರಿಗೂ ನಾನು ಹೇಳೋ ಉತ್ತರ ಒಂದೇ: ಬಹಳಷ್ಟು ಗಿಡ ಬದುಕ್ತವೆ, ಆದ್ರೆ ಸಾಮಾನು ಸಾಗಿಸೋ ದಿನ ಗಿಡ ಸಾಗಿಸಬೇಡಿ. ಗಿಡ ಮೊದಲು ಹೋಗಬೇಕು, ನೀವು ಆಮೇಲೆ.

ವಿಡಿಯೋದ ಚಳಿಗಾಲ ಬೇರೆ, ನಮ್ಮ ಚಳಿಗಾಲ ಬೇರೆ

ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ವಿದೇಶದ ವಿಡಿಯೋಗಳು ಸಿಗ್ತವೆ. ಚಳಿಗಾಲದಲ್ಲಿ ಗಿಡ ಕಿತ್ತು, ಬೇರಿನ ಮಣ್ಣೆಲ್ಲ ಕೊಡವಿ, ಬರಿ ಬೇರಲ್ಲೇ ತಗೊಂಡು ಹೋಗ್ತಾರೆ. ಅಲ್ಲಿ ಅದು ಸರಿ. ಹಿಮ ಬೀಳೋ ದೇಶದಲ್ಲಿ ಗುಲಾಬಿ, ಸೇಬು ಎಲೆ ಉದುರಿಸಿ ಪೂರ್ತಿ ಮಲಗಿಬಿಟ್ಟಿರ್ತವೆ. ಎಲೆ ಇಲ್ಲ ಅಂದ್ರೆ ನೀರಿನ ಖರ್ಚೂ ಇಲ್ಲ.

ನಮ್ಮ ಹೊಸಪೇಟೆಯಲ್ಲಿ ಡಿಸೆಂಬರ್ ರಾತ್ರಿ ಚಳಿ ಅನಿಸಿದ್ರೂ ಮಧ್ಯಾಹ್ನ 30 ಡಿಗ್ರಿ ಹತ್ತಿರ ಇರುತ್ತೆ. ಮಲ್ಲಿಗೆ, ನಿಂಬೆ, ದಾಸವಾಳ ಎಲೆ ಇಟ್ಕೊಂಡೇ ಇರ್ತವೆ. ಗಾಳಿಯಲ್ಲಿ ಪಸೆ ಇರೋದಿಲ್ಲ. ಬರಿ ಬೇರಲ್ಲಿ ಕಿತ್ತರೆ ಸಂಜೆಯೊಳಗೆ ಗಿಡ ಬಾಡುತ್ತೆ. ನಮ್ಮಲ್ಲಿ ಎಲೆ ಉದುರಿಸಿ ಸುಮ್ಮನಿರೋ ಅಂಜೂರ, ದಾಳಿಂಬೆಯಂಥವನ್ನ ಬಿಟ್ಟು ಮಿಕ್ಕವನ್ನ ಮಣ್ಣಿನ ಉಂಡೆ ಸಮೇತವೇ ಎತ್ತಬೇಕು.

ಹಾಗಾದ್ರೆ ಚಳಿಗಾಲವೇ ಯಾಕೆ? ಬಿಸಿಲು ಇಳಿದಿರುತ್ತೆ, ಆದ್ರೆ ಮಣ್ಣು ಬೆಚ್ಚಗೇ ಇರುತ್ತೆ. ಮೇಲೆ ಬೆಳವಣಿಗೆ ನಿಧಾನ, ಕೆಳಗೆ ಹೊಸ ಬೇರು ಬಿಡೋದು ನಿಂತಿರೋದಿಲ್ಲ. ಈ ಅವಕಾಶ ಇರೋದು ಎರಡು ತಿಂಗಳು ಮಾತ್ರ. ಫೆಬ್ರುವರಿ ಕೊನೆಗೆ ಬಿಸಿಲು 35 ಡಿಗ್ರಿ ಮುಟ್ಟೋಕೆ ಬರುತ್ತೆ, ಏಪ್ರಿಲ್-ಮೇನಲ್ಲಿ 40ರ ಹತ್ತಿರ. ಅಷ್ಟರೊಳಗೆ ಬೇರು ಹೊಸ ಮಣ್ಣು ಹಿಡಿದಿರಬೇಕು. ದೀಪಾವಳಿ ಮುಗಿದ ಮೇಲೆ ತಯಾರಿ, ಸಂಕ್ರಾಂತಿಯೊಳಗೆ ನಾಟಿ. ಇದೇ ನಮ್ಮ ಲೆಕ್ಕ.

ಗಿಡಕ್ಕೆ ಧನುರ್ಮಾಸ ಇಲ್ಲ

ಇಲ್ಲೇ ಒಂದು ತೊಡಕು. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಶುರುವಾದ್ರೆ ಸಂಕ್ರಾಂತಿವರೆಗೆ ನಮ್ಮ ಕಡೆ ಯಾರೂ ಗೃಹಪ್ರವೇಶ ಇಟ್ಕೊಳ್ಳೋದಿಲ್ಲ. ಮುಹೂರ್ತ ಸಿಗೋದು ಜನವರಿ ಕೊನೆಗೆ ಇಲ್ಲಾ ಫೆಬ್ರುವರಿಗೆ. ಮಕ್ಕಳ ಪರೀಕ್ಷೆ ಮುಗೀಲಿ ಅಂತ ಕಾದರೆ ಏಪ್ರಿಲ್. ಆವಾಗ ಲಾರಿಯಲ್ಲಿ ಬೀರು, ಮಂಚದ ಜೊತೆ ಗಿಡ ಹೇರಿದ್ರೆ ಅದು ಹೋಗೋದು ನೇರ ಬೇಸಿಗೆಯ ಬಾಯಿಗೆ.

ಹಿರಿಯರ ಮುಹೂರ್ತ ಬದಲಿಸೋ ಜಗಳಕ್ಕೆ ಹೋಗಬೇಡಿ. ಗಿಡ ನೆಡೋಕೆ ಗೃಹಪ್ರವೇಶ ಆಗಿರಬೇಕು ಅಂತೇನಿಲ್ಲ. ಧನುರ್ಮಾಸದಲ್ಲಿ ಗಿಡ ಹೋಗಲಿ, ಮುಹೂರ್ತ ನೋಡಿ ನೀವು ಹೋಗಿ. ಹೊಸ ಮನೆ ಕಟ್ಟಡ ನಡೀತಿದ್ರೆ ಇನ್ನೂ ಒಳ್ಳೇದು. ಗೋಡೆಗೆ ಕ್ಯೂರಿಂಗ್ ನೀರು ಹೊಡೆಯೋರು ಇದ್ದೇ ಇರ್ತಾರೆ, ಅವರಿಗೇ ಗಿಡದ ಜವಾಬ್ದಾರಿ ಒಪ್ಪಿಸಿ. ಅಲ್ಲಿ ನೀರು ಹಾಕೋರು ಯಾರೂ ಇಲ್ಲ ಅಂದ್ರೆ ಮಾತ್ರ ಸಾಗಿಸಬೇಡಿ. ಆ ಗಿಡವನ್ನ ದೊಡ್ಡ ಚೀಲಕ್ಕೋ ಡ್ರಮ್ಮಿಗೋ ಹಾಕಿ, ಗೊತ್ತಿರೋರ ಮನೆ ನೆರಳಲ್ಲಿಡಿ.

ಮೊದಲು ಮೂರು ಪಟ್ಟಿ ಮಾಡಿ

ಫೋನ್ ಹಿಡ್ಕೊಂಡು ಹಿತ್ತಲು ಒಂದು ಸುತ್ತು ಹಾಕಿ. ಪ್ರತಿ ಗಿಡದ ಫೋಟೊ ತೆಗೀರಿ, ಬುಡದ ದಪ್ಪ ಅಳೆದು ಬರೆದಿಡಿ. ಆಮೇಲೆ ಮೂರು ಪಟ್ಟಿ.

ಒಂದು, ಬೇರು ಸಮೇತ ಹೋಗೋವು: ಮಲ್ಲಿಗೆ, ಗುಲಾಬಿ, ದಾಸವಾಳ, ನಂದಿಬಟ್ಟಲು, ಮೂರ್ನಾಲ್ಕು ವರ್ಷದೊಳಗಿನ ನಿಂಬೆ, ದಾಳಿಂಬೆ, ಅಂಜೂರ. ಬುಡ ಎರಡು ಇಂಚಿಗಿಂತ ದಪ್ಪ ಇದ್ರೆ ಕೈಯಲ್ಲಿ ಎತ್ತೋ ಮಾತಿಲ್ಲ.

ಎರಡು, ಕಡ್ಡಿ, ಕಂದು, ಗಡ್ಡೆ, ಬೀಜವಾಗಿ ಹೋಗೋವು. ಈ ಪಟ್ಟಿಯೇ ದೊಡ್ಡದಿರಬೇಕು.
- ಅಂಜೂರ, ದಾಳಿಂಬೆ: ಬಲಿತ ಕಡ್ಡಿ, ಒಂದು ಗೇಣು ಉದ್ದ. ನಮ್ಮ ಬಳ್ಳಾರಿ ಅಂಜೂರ ಕಡ್ಡಿಯಿಂದ ಸುಲಭವಾಗಿ ಬರುತ್ತೆ.
- ನುಗ್ಗೆ: ಮಣಿಕಟ್ಟಿನ ದಪ್ಪದ ಮೂರಡಿ ಕೊಂಬೆ. ಒಂದೆರಡು ದಿನ ನೆರಳಲ್ಲಿ ಆರಿಸಿ, ಒಂದಡಿ ಹೂಳಿ.
- ಬಾಳೆ: ಎಲೆ ಕತ್ತಿಯಂಗೆ ಸಣ್ಣಗಿರೋ ಕಂದು. ಅಗಲ ಎಲೆಯ ನೀರುಗಂದು ಬೇಡ.
- ಕರಿಬೇವು: ತಾಯಿಗಿಡದ ಸುತ್ತ ಬೇರಿಂದ ಎದ್ದ ಮರಿ. ತಾಯಿಬೇರು ಆಳಕ್ಕಿಳಿದ ದೊಡ್ಡ ಗಿಡ ಕಿತ್ತರೆ ಉಳಿಯೋದು ಕಷ್ಟ.
- ಸೇವಂತಿಗೆ: ಈಗ ಹೂವಲ್ಲಿರುತ್ತೆ, ಮುಟ್ಟಬೇಡಿ. ಹೂ ಮುಗಿದ ಮೇಲೆ ಬುಡದ ಮರಿ ಬಿಡಿಸ್ಕೊಳ್ಳಿ.
- ಸುಗಂಧರಾಜದ ಗಡ್ಡೆ, ಎಲೆ ಒಣಗಿದ ಮೇಲೆ ಅಗೆದ ಅರಿಶಿಣ-ಶುಂಠಿ, ದೊಡ್ಡಪತ್ರೆ ಕಡ್ಡಿ, ವೀಳ್ಯದೆಲೆ ಬಳ್ಳಿಯ ತುಂಡು.
- ತುಳಸಿ: ಹಳೇ ಕಟ್ಟಿಗೆ ಗಿಡ ಬೇಡ. ಒಣಗಿದ ತೆನೆ ಉಜ್ಜಿ ಬೀಜ ತಗೊಳ್ಳಿ.

ಮೂರು, ಬಿಟ್ಟು ಹೋಗೋವು: ದೊಡ್ಡ ಮಾವು, ಸಪೋಟ, ಪಪ್ಪಾಯಿ. ಮಾವಿನ ರುಚಿ ಬೇಕೇ ಬೇಕು ಅಂದ್ರೆ ಮನೆ ಹೊಸ ಮಾಲೀಕರ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಿ, ಮಳೆಗಾಲದಲ್ಲಿ ಬಂದು ಕಸಿ ಕಡ್ಡಿ ತಗೊಂಡು ಹೋಗಬಹುದು. ಶ್ರೀಗಂಧದ ಗಿಡ ಇದ್ರೆ ಅದರ ತಂಟೆಗೆ ಹೋಗಬೇಡಿ. ಪಕ್ಕದ ಗಿಡಗಳ ಬೇರಿಗೆ ಅಂಟಿಕೊಂಡು ಬದುಕೋ ಗಿಡ ಅದು, ಕಿತ್ತರೆ ಆ ನಂಟೇ ಹರಿಯುತ್ತೆ. ಮರ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆ ಅನುಮತಿಯೂ ಬೇಕು.

ಬೇರು ತಯಾರಿ: ಮೂರು ವಾರದ ಕೆಲಸ

ಗಿಡಕ್ಕೆ ನೀರು ಕುಡಿಸೋದು ದಪ್ಪ ಬೇರಲ್ಲ, ಅದರ ತುದಿಯ ಕೂದಲಿನಂಥ ಬೇರು. ಅವು ಬುಡದಿಂದ ದೂರ ಇರ್ತವೆ. ಒಂದೇ ಸಲ ಅಗೆದು ಎತ್ತಿದ್ರೆ ಅವೆಲ್ಲ ಹಳೇ ಮನೆಯಲ್ಲೇ ಉಳೀತವೆ. ಅದಕ್ಕೆ ಬುಡದ ಹತ್ತಿರವೇ ಹೊಸ ಎಳೆ ಬೇರು ಬರೋ ಹಂಗೆ ಮಾಡಬೇಕು.

ಮೊದಲು ಉಂಡೆಯ ಅಳತೆ ಗುರುತು ಮಾಡಿ. ಬುಡ ಒಂದು ಇಂಚು ದಪ್ಪ ಇದ್ರೆ ಉಂಡೆ ಸುಮಾರು ಒಂದಡಿ ಅಗಲ, ಒಂದೂವರೆ ಇಂಚಿಗೆ ಒಂದೂವರೆ ಅಡಿ. ಗುರುತಿನ ಅರ್ಧ ಸುತ್ತಿಗೆ ಮಾತ್ರ ಒಂದಡಿ ಆಳದ ಸಣ್ಣ ಕಾಲುವೆ ತೋಡಿ. ಅಡ್ಡ ಬಂದ ಬೇರನ್ನ ಹರಿತ ಕತ್ತರಿಯಿಂದ ಕತ್ತರಿಸಿ, ಸಲಿಕೆಯಿಂದ ಜಜ್ಜಬೇಡಿ. ಕಾಲುವೆಗೆ ಮರಳು ಮತ್ತು ಚೆನ್ನಾಗಿ ಕಳಿತ ಗೊಬ್ಬರ ತುಂಬಿ ನೀರು ಕೊಡಿ. ಹತ್ತು ದಿನ ಬಿಟ್ಟು ಇನ್ನರ್ಧ ಸುತ್ತು. ಮತ್ತೆ ಹತ್ತು ದಿನಕ್ಕೆ ಗಿಡ ಎತ್ತೋಕೆ ತಯಾರು.

ಈ ನಡುವೆ ಕೊಂಬೆ ಸವರಿ. ದುಂಡುಮಲ್ಲಿಗೆ ಸವರೋ ಕಾಲವೇ ನವೆಂಬರ್ ಕೊನೆ, ಹಂಗಾಗಿ ಎರಡೂ ಕೆಲಸ ಒಟ್ಟಿಗೆ ಆಗುತ್ತೆ. ಬೇರೆ ಗಿಡಗಳಲ್ಲಿ ಮೂರರಲ್ಲಿ ಒಂದು ಪಾಲು ಎಲೆ ತೆಗೆದರೆ ಸಾಕು. ಕಾಯಿ, ಮೊಗ್ಗು ಎಲ್ಲ ಕಿತ್ತುಬಿಡಿ.

ಎತ್ತುವ ದಿನ

ಹಿಂದಿನ ದಿನ ನೀರು ಹಾಕಿ. ಹೊಸಪೇಟೆ, ಸಂಡೂರಿನ ಕೆಂಪು ಮಣ್ಣು ಒಣಗಿದ್ರೆ ಉಂಡೆ ಪುಡಿಯಾಗುತ್ತೆ. ಕಂಪ್ಲಿಯ ಎರೆ ಮಣ್ಣಾದ್ರೆ ಎರಡು ದಿನ ಮುಂಚೆ ಹಾಕಿ, ಹಸಿ ಎರೆ ಸಲಿಕೆಗೆ ಅಂಟಿಕೊಂಡು ಉಂಡೆ ಕೀಳುತ್ತೆ.

ಎತ್ತೋ ಮುಂಚೆ ಪೂರ್ವ ದಿಕ್ಕಿನ ಕೊಂಬೆಗೆ ಒಂದು ಬಣ್ಣದ ದಾರ ಕಟ್ಟಿ. ಫೋನಿನ ಕಂಪಾಸ್ ಸಾಕು. ಹೊಸ ಜಾಗದಲ್ಲೂ ಆ ಕೊಂಬೆ ಪೂರ್ವಕ್ಕೇ ಇರಲಿ. ನೆರಳಲ್ಲೇ ಬೆಳೆದ ತೊಗಟೆ ಪಡುವಣ ಬಿಸಿಲಿಗೆ ಬಿದ್ದರೆ ಸುಡುತ್ತೆ.

ಒಂದೂವರೆ ಅಡಿ ಅಗಲ, ಒಂದಡಿ ಆಳದ ಹಸಿ ಉಂಡೆ 80-90 ಕೆಜಿ ತೂಗುತ್ತೆ. ಇಬ್ಬರು ಬೇಕು. ಕೆಳಗೆ ಗೋಣಿಚೀಲ ತೂರಿಸಿ, ಸುತ್ತಿ, ಸುತಲಿ ಹಾಕಿ ಬಿಗಿಯಾಗಿ ಕಟ್ಟಿ. ಎತ್ತುವಾಗ ಉಂಡೆ ಹಿಡಿದು ಎತ್ತಿ, ಕಾಂಡ ಹಿಡಿದು ಎಳೆದರೆ ಎಳೆ ಬೇರೆಲ್ಲ ಹರೀತವೆ.

ಗಾಡಿ ಹೊರಡೋದು ಬೆಳಗಿನ ಜಾವ ಇಲ್ಲಾ ಸಂಜೆ. ಹೊಸಪೇಟೆಯಿಂದ ಕಂಪ್ಲಿಗೋ ಸಂಡೂರಿಗೋ ಸುಮಾರು 30 ಕಿಮೀ. ದೂರ ಹೆಚ್ಚಲ್ಲ, ಆದ್ರೆ ತೆರೆದ ಟಾಟಾ ಏಸ್‌ನಲ್ಲಿ ಗಾಳಿ ಬಡಿದರೆ ಅಷ್ಟರಲ್ಲೇ ಎಲೆ ಒಣಗ್ತವೆ. ಒದ್ದೆ ಗೋಣಿ ಇಲ್ಲಾ ನೆರಳು ಬಲೆ ಹೊದಿಸಿ. ಸಂಡೂರು ದಾರಿಯಲ್ಲಿ ಅದಿರಿನ ಧೂಳು ಎಲೆಗೆ ಮೆತ್ತಿಕೊಂಡಿರುತ್ತೆ, ಇಳಿಸಿದ ಮೇಲೆ ಎಲೆ ತೊಳೀರಿ.

ಕೆಂಪು ಮಣ್ಣಿನ ಗಿಡ ಎರೆ ಮಣ್ಣಿಗೆ ಬಂದರೆ

ನಮ್ಮ ಭಾಗದಲ್ಲಿ ಅರ್ಧ ಗಿಡ ಸಾಯೋದು ಇಲ್ಲೇ. ಕೆಂಪು ಮಣ್ಣಲ್ಲಿ ನೀರು ಬೇಗ ಇಳಿಯುತ್ತೆ, ಎರೆಯಲ್ಲಿ ನಿಲ್ಲುತ್ತೆ. ಎರೆ ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಕೆಂಪು ಮಣ್ಣಿನ ಉಂಡೆ ಇಟ್ಟರೆ ಆ ಗುಂಡಿ ಒಂದು ಬಾನಿ ಇದ್ದಂಗೆ. ಹಾಕಿದ ನೀರು ಹೊರಗೆ ಹೋಗೋದಿಲ್ಲ, ಬೇರು ಉಸಿರು ಕಟ್ಟಿ ಕೊಳೆಯುತ್ತೆ. ಮಾಡಬೇಕಾದ್ದು ಇಷ್ಟು:

- ಗುಂಡಿ ಉಂಡೆಗಿಂತ ಎರಡು ಪಟ್ಟು ಅಗಲ ಇರಲಿ, ಆಳ ಉಂಡೆಯಷ್ಟೇ ಇಲ್ಲಾ ನಾಲ್ಕು ಬೆರಳು ಕಡಿಮೆ. ಉಂಡೆಯ ಮೇಲ್ಭಾಗ ನೆಲಕ್ಕಿಂತ ಎತ್ತರಕ್ಕೆ ಬಂದು ದಿಬ್ಬದ ಮೇಲೆ ಕೂತಂಗಿರಬೇಕು.
- ಸಲಿಕೆ ಉಜ್ಜಿ ನುಣುಪಾದ ಗುಂಡಿಯ ಗೋಡೆಯನ್ನ ಕುರ್ಚಿಗೆಯಿಂದ ಕೆರೆದು ಒರಟು ಮಾಡಿ. ಇಲ್ಲಾಂದ್ರೆ ಬೇರು ಒಳಗೇ ಸುತ್ತು ಹಾಕುತ್ತೆ.
- ಸುತ್ತ ತುಂಬೋಕೆ ಅಲ್ಲಿಯದೇ ಮಣ್ಣು ಬಳಸಿ, ಸ್ವಲ್ಪ ಕಳಿತ ಗೊಬ್ಬರ ಬೆರೆಸಿ. ಹಸಿ ಸಗಣಿ, ಗೊಬ್ಬರದ ಹರಳು ಬೇಡ.
- ಎರೆ ಬಿರುಕು ಬಿಟ್ಟರೆ ಎಳೆ ಬೇರು ಹರಿಯುತ್ತೆ. ಮೂರ್ನಾಲ್ಕು ಇಂಚು ಮುಚ್ಚಿಗೆ ಹಾಕಿ. ಕಂಪ್ಲಿಯಲ್ಲಿ ಭತ್ತದ ಹುಲ್ಲಿಗೆ, ಕಬ್ಬಿನ ರವದಿಗೆ ಬರ ಇಲ್ಲ. ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಎರೆ ಮಣ್ಣಿನ ಗಿಡ ಕೆಂಪು ಮಣ್ಣಿಗೆ ಹೋದ್ರೆ ಕಷ್ಟ ಉಲ್ಟಾ. ಸುತ್ತಲಿನ ಮಣ್ಣು ಹಸಿ ಇದ್ರೂ ಉಂಡೆ ಗಟ್ಟಿಯಾಗಿ ಒಣಗಿರುತ್ತೆ. ಬುಡದ ಮೇಲೇ ನಿಧಾನಕ್ಕೆ ನೀರು ಬಿಡಿ. ಕೆಂಪು ನೆಲದಲ್ಲಿ ಗೆದ್ದಲೂ ಜಾಸ್ತಿ, ಗುಂಡಿಗೆ 200 ಗ್ರಾಂ ಬೇವಿನ ಹಿಂಡಿ ಹಾಕಿ.

ಹೊಸ ಮನೆ ಗೋಡೆಯಿಂದ ಆರಡಿ ದೂರ ಇರಲಿ. ಗೋಡೆ ಪಕ್ಕದ ನೆಲದಲ್ಲಿ ಸಿಮೆಂಟು, ಸುಣ್ಣ, ಗಾರೆಯ ಚೂರು ಹೂತಿರುತ್ತೆ. ಅದು ಮಣ್ಣಿನ ಕ್ಷಾರ ಹೆಚ್ಚಿಸುತ್ತೆ, ಎಲೆ ಹಳದಿ ತಿರುಗ್ತವೆ.

ಒಂದು ಮಲ್ಲಿಗೆಯ ಲೆಕ್ಕ

ಹೊಸಪೇಟೆಯಲ್ಲಿ ನನಗೆ ಬೇಕಾದ ಒಂದು ಮನೆ. ಬಾಡಿಗೆ ಮನೆ, ಮಾಲೀಕರು ಮಾರಾಟಕ್ಕಿಟ್ಟರು. ಮಗ ಕಂಪ್ಲಿ ಹತ್ತಿರ ಮನೆ ಕಟ್ಟಿಸ್ತಿದ್ದ. ಎಪ್ಪತ್ತು ದಾಟಿದ ತಾಯಿ ಒಂದೇ ಹಟ: ಮಲ್ಲಿಗೆ ಬರದಿದ್ರೆ ತಾನೂ ಬರೋದಿಲ್ಲ. ಮಗ ಹೇಳಿದ, ನರ್ಸರಿಯಲ್ಲಿ ಇಂಥದೇ ಗಿಡ ಸಿಗ್ತಾವಲ್ಲ ಅವ್ವ ಅಂತ. ಅವರು ನನ್ನ ಕಡೆ ತಿರುಗಿ, "ನರ್ಸರಿ ಗಿಡಾನೂ ಹೂ ಬಿಡ್ತದ, ನನಗೂ ಗೊತ್ತೈತಿ ತಮ್ಮಾ. ಇದು ಇವರಪ್ಪ ಹಚ್ಚಿದ್ದು" ಅಂದರು. ಯಜಮಾನರು ಹೋಗಿ ಆಗಲೇ ನಾಲ್ಕು ವರ್ಷ.

ಇಂಥ ಗಿಡಕ್ಕೆ ಒಂದೇ ದಾರಿ ನಂಬಿ ಕೂರೋಕೆ ಆಗೋದಿಲ್ಲ. ನವೆಂಬರ್ ಮೊದಲ ವಾರ ಎರಡು ಉದ್ದ ಕೊಂಬೆ ಬಗ್ಗಿಸಿ, ತೊಗಟೆ ಸ್ವಲ್ಪ ಗೀರಿ, ಎರಡು ಕುಂಡದ ಮಣ್ಣಲ್ಲಿ ಹೂಳಿ ಕಲ್ಲಿಟ್ಟೆವು. ತಾಯಿಗಿಡಕ್ಕೆ ಎರಡು ಕಂತಿನಲ್ಲಿ ಕಾಲುವೆ ತೋಡಿದೆವು. ಡಿಸೆಂಬರ್ ಎರಡನೇ ವಾರ ಆ ಕುಂಡಗಳ ಕೊಂಬೆ ಬಿಡಿಸಲಿಲ್ಲ. ಅವನ್ನೂ ಗಿಡದ ಜೊತೆಗೇ ಕಟ್ಟಿ ಗಾಡಿಗೇರಿಸಿದೆವು. ಎರೆ ನೆಲದಲ್ಲಿ ದಿಬ್ಬ ಮಾಡಿ ನೆಟ್ಟು, ನೆರಳು ಬಲೆ ಕಟ್ಟಿ, ಕ್ಯೂರಿಂಗ್ ಮಾಡೋ ಹುಡುಗನಿಗೆ ಒಪ್ಪಿಸಿದೆವು. ಅವನು ದಿನಾ ಸಂಜೆ ಒಂದು ಫೋಟೊ ಕಳಿಸ್ತಿದ್ದ.

ಹತ್ತು ದಿನಕ್ಕೆ ಎಲೆಯೆಲ್ಲ ಉದುರಿದವು. ಮಗ ಫೋನ್ ಮಾಡಿ, "ಸತ್ತೋಯ್ತು, ಅವ್ವಗೆ ಏನ್ ಹೇಳ್ಲಿ?" ಅಂದ. ಉಗುರಿನಲ್ಲಿ ತೊಗಟೆ ಗೀರಿ ನೋಡು ಅಂದೆ. ಒಳಗೆ ಹಸಿರಿತ್ತು. ಎಲೆ ಉದುರಿಸಿದ ಗಿಡ ಸತ್ತಿಲ್ಲ, ನೀರಿನ ಖರ್ಚು ಕಡಿಮೆ ಮಾಡ್ಕೊಂಡಿದೆ ಅಷ್ಟೆ. ಭಯಕ್ಕೆ ದಿನಕ್ಕೆರಡು ಸಲ ನೀರು ಸುರೀಬೇಡಿ ಅಂದೆ. ಜನವರಿ ಮೂರನೇ ವಾರ ಬುಡದಿಂದ ಕೆಂಪು ಚಿಗುರು ಬಂತು. ಅವರು ಮನೆಗೆ ಬಂದದ್ದು ಫೆಬ್ರುವರಿಯಲ್ಲಿ. ಎರಡು ಕುಂಡದಲ್ಲಿ ಒಂದರಲ್ಲಿ ಬೇರು ಬಂದಿತ್ತು, ಅದನ್ನ ಅವರು ಮಗಳ ಮನೆಗೆ ಕೊಟ್ಟರು. ಆ ವರ್ಷ ಹೂ ಕಡಿಮೆ. ಮಾಲೆ ಕಟ್ಟುವಷ್ಟು ಬಂದಿದ್ದು ಮರುವರ್ಷ.

ನೀರು ಎಷ್ಟು, ಗೊಬ್ಬರ ಯಾವಾಗ

ನೆಟ್ಟ ದಿನ ಗುಳ್ಳೆ ನಿಲ್ಲೋವರೆಗೆ ನೀರು. ಆಮೇಲೆ ಕೆಂಪು ಮಣ್ಣಲ್ಲಿ ದಿನ ಬಿಟ್ಟು ದಿನ, ಎರೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ. ಕ್ಯಾಲೆಂಡರ್‌ಗಿಂತ ಬೆರಳು ನಂಬಿ: ಎರಡು ಇಂಚು ಒಳಗೆ ಹಸಿ ಇದ್ರೆ ನೀರು ಬೇಡ. ಎಲೆ ಗರಿಗರಿಯಾಗಿ ಒಣಗಿದ್ರೆ ನೀರು ಸಾಲದು, ಹಳದಿಯಾಗಿ ಮೆತ್ತಗೆ ಉದುರಿದ್ರೆ ಜಾಸ್ತಿ. ಜೀವಾಮೃತ, ಎರೆಜಲ ಹೊಸ ಚಿಗುರು ಕಂಡ ಮೇಲೆಯೇ, ಅದೂ ತೆಳ್ಳಗೆ. ನೆರಳು ಬಲೆಯನ್ನ ಒಂದೇ ದಿನ ತೆಗೀಬೇಡಿ. ಮೊದಲು ಬೆಳಗಿನ ಬಿಸಿಲು ತೋರಿಸಿ, ವಾರದಲ್ಲಿ ಪೂರ್ತಿ ತೆಗೀರಿ.

ಎರಡೇ ದಿನ ಸಿಕ್ಕರೆ

ಎಲ್ಲರಿಗೂ ಮೂರು ವಾರದ ತಯಾರಿ ಸಿಗೋದಿಲ್ಲ. ಈ ನೆಲಕ್ಕೆ ಅದು ಚೆನ್ನಾಗಿ ಗೊತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ನೀರು ನಿಂತಾಗ ಹಳೇ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು, ಜನ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡರು. 2011ರ ಜುಲೈ ಕೊನೆಗೆ ಹಂಪಿ ಬಜಾರಿನ ಮನೆಗಳನ್ನ ತೆರವು ಮಾಡಿದಾಗ ಅಲ್ಲಿನವರಿಗೆ ಕಡ್ಡಿರಾಂಪುರದಲ್ಲಿ ಜಾಗ ಸಿಕ್ಕಿತು. ಅಂಥ ಹೊತ್ತಲ್ಲಿ ಪಾತ್ರೆ, ಪಗಡೆ, ಮಕ್ಕಳು ಮೊದಲು. ಗಿಡದ ಸರದಿ ಬರೋದು ಕೊನೆಗೆ.

ಅವಸರ ಇದ್ರೆ ಉಂಡೆ ಎತ್ತೋ ಸಾಹಸ ಬೇಡ. ಪ್ರತಿ ಗಿಡದಿಂದ ಹತ್ತು ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಡಿ. ನೆರಳಲ್ಲಿಟ್ಟರೆ ಎರಡು ಮೂರು ದಿನ ತಡೀತವೆ. ಬೀಜ ಪೇಪರಲ್ಲಿ ಕಟ್ಟಿ ಹೆಸರು ಬರೀರಿ. ಬಾಳೆ ಕಂದಿಗೆ ಒಂದು ವಾರವಾದ್ರೂ ಏನೂ ಆಗೋದಿಲ್ಲ. ಹತ್ತು ಕಡ್ಡಿಯಲ್ಲಿ ಮೂರು ಬದುಕಿದ್ರೆ ಆ ಗಿಡ ನಿಮ್ಮ ಜೊತೆ ಬಂದಂಗೆ.

ಗಿಡದ ಜೊತೆ ರೋಗ ಹೋಗಬಾರದು

ಇದು ಹಿತ್ತಲಿಗಿಂತ ದೊಡ್ಡ ವಿಷಯ. ಏಲಕ್ಕಿ ಬಾಳೆಗೆ ಪನಾಮಾ ಸೊರಗು ರೋಗ ಬೇಗ ತಗಲುತ್ತೆ. ಕೆಳಗಿನ ಎಲೆ ಹಳದಿಯಾಗಿ ಬುಡಕ್ಕೆ ಜೋತು ಬಿದ್ದಿದ್ರೆ, ಗಡ್ಡೆ ಕೊಯ್ದಾಗ ಒಳಗೆ ಕಂದು-ಕೆಂಪು ಕಲೆ ಕಂಡ್ರೆ ಆ ಹಿತ್ತಲಿನ ಕಂದೂ ಬೇಡ, ಮಣ್ಣೂ ಬೇಡ. ಆ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತೆ. ಕಂಪ್ಲಿ ಕಡೆ ಬಾಳೆ ತೋಟದ ಪಕ್ಕ ಅಂಥದ್ದನ್ನ ನೆಟ್ಟರೆ ಪಕ್ಕದವರ ವರ್ಷದ ದುಡಿಮೆಗೆ ಕುತ್ತು. ಆರೋಗ್ಯವಾಗಿರೋ ಕಂದನ್ನೂ ಬೇರು ಸವರಿ, ಮೇಲಿನ ಪದರ ಹೆರೆದು, ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಹಾಕಿ ನೆಡಿ. ಎಣ್ಣೆ ಹಚ್ಚಿದಂಥ ಕಪ್ಪು ಚುಕ್ಕೆ, ಸೀಳಿದ ಕಾಯಿ ಇರೋ ದಾಳಿಂಬೆಯಿಂದ ಕಡ್ಡಿ ತೆಗೀಬೇಡಿ, ಅದು ದುಂಡಾಣು ಅಂಗಮಾರಿ ಇರಬಹುದು. ಅನುಮಾನ ಇದ್ರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಾದರಿ ತೋರಿಸಿ.

ಬಾಡಿಗೆ ಮನೆ ಗಿಡ ಯಾರದ್ದು?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ರೆ, ಬಾಡಿಗೆದಾರ ತಾನು ನೆಲಕ್ಕೆ ಹಾಕಿದ್ದನ್ನ ಮನೆ ತನ್ನ ವಶದಲ್ಲಿರುವಾಗಲೇ ತೆಗೆದುಕೊಳ್ಳಬಹುದು. ಆದ್ರೆ ಜಾಗವನ್ನ ಮೊದಲಿದ್ದಂಗೆ ಮಾಡಿ ಕೊಡಬೇಕು. ಬೀಗದ ಕೈ ಕೊಟ್ಟ ಮೇಲೆ ಹೋಗಿ ಕೇಳಿದ್ರೆ ಹಕ್ಕಿಲ್ಲ. ಸ್ವಂತ ಮನೆ ಮಾರೋರು ಯಾವ ಗಿಡ ಒಯ್ತೀವಿ ಅಂತ ಕರಾರಿನಲ್ಲೇ ಬರೆಸಿ. ಕಾನೂನು ಏನೇ ಇರಲಿ, ಮೊದಲೇ ಹೇಳಿ, ಗುಂಡಿ ಮುಚ್ಚಿ, ಅಲ್ಲೊಂದು ಸಸಿ ನೆಟ್ಟು ಬನ್ನಿ. ನಾಳೆ ಮಾವಿನ ಕಸಿ ಕಡ್ಡಿ ಕೇಳೋಕೆ ಅದೇ ಬಾಗಿಲಿಗೆ ಹೋಗಬೇಕಲ್ಲ.

ಈ ವಾರದಿಂದ ಏನು ಮಾಡಬೇಕು

- ದೀಪಾವಳಿ ನಂತರ: ಫೋಟೊ, ಮೂರು ಪಟ್ಟಿ, ಮಾಲೀಕರ ಜೊತೆ ಮಾತು. ಕೊಂಬೆ ಬಗ್ಗಿಸಿ ಕುಂಡಕ್ಕೆ.
- ನವೆಂಬರ್ ಕೊನೆ: ಸವರೋದು, ಮೊದಲ ಅರ್ಧ ಕಾಲುವೆ. ಹತ್ತು ದಿನಕ್ಕೆ ಇನ್ನರ್ಧ.
- ಡಿಸೆಂಬರ್ ಮಧ್ಯ: ಹೊಸ ಜಾಗದಲ್ಲಿ ಗುಂಡಿ ತಯಾರು, ನೀರು ಹಾಕೋರು ಗೊತ್ತು. ಸಂಜೆ ಹೊತ್ತು ಸಾಗಣೆ.
- ಸಂಕ್ರಾಂತಿಯೊಳಗೆ: ಎಲ್ಲ ಗಿಡ ನೆಲದಲ್ಲಿ, ಮುಚ್ಚಿಗೆ ಹಾಕಿ, ನೆರಳು ಕಟ್ಟಿ.
- ಸಂಕ್ರಾಂತಿ ದಾಟಿದ್ರೆ: ಕಡ್ಡಿ, ಬೀಜ, ಕಂದು ಮಾತ್ರ. ದೊಡ್ಡ ಗಿಡದ ಕೆಲಸ ಮುಂಗಾರು ಮಳೆ ಹಿಡಿಯೋವರೆಗೆ ಮುಂದಕ್ಕೆ ಹಾಕಿ.